ವೈರ್ ಮಾವ ಮತ್ತು ಬ್ರೇಕ್ ದೀಪ
ನಮ್ಮ ಕಾಲದಲ್ಲಿ ಲಾರಿಗಳ ವೈರಿಂಗ್ ಮಾಡುವ ವೈರ್ ಮಾವನ ಕೈಗೆ ಲಾರಿ ಕೊಡದೆ ಯಾವ ಡ್ರೈವರೂ ದೂರದ ಲೋಡಿಗೆ ಹೊರಡುತ್ತಿರಲಿಲ್ಲ. ಇನ್ಸುಲೇಷನ್ ಟೇಪಿನ ಸುರುಳಿಯನ್ನು ಬಳೆಯಂತೆ ಮುಂಗೈಗೆ ಏರಿಸಿಕೊಂಡು, ವೈರಿನ ಸಿಪ್ಪೆಯನ್ನು ಹಲ್ಲಿನಲ್ಲೇ ಸುಲಿಯುತ್ತಿದ್ದರು. ಯಾರಾದರೂ ಕಟಿಂಗ್ ಪ್ಲೇಯರ್ ಚಾಚಿದರೆ ಅವಮಾನವಾದವರಂತೆ ಮುಖ ತಿರುಗಿಸುತ್ತಿದ್ದರು. ಟ್ರೇಲರಿಗೆ ಹೋಗುವ ವೈರುಗಳಿಂದಲೇ ಕ್ಯಾಬಿನ್ನಿನ ಫ್ಯಾನಿಗೆ, ಟೇಪ್ ರೆಕಾರ್ಡರಿಗೆ, ಸ್ಟವ್ ಇಡುವ ಮೂಲೆಯ ಬಲ್ಬಿಗೆ ಲೈನ್ ಎಳೆದುಕೊಡುತ್ತಿದ್ದರು. ಕೇಳಿದ್ದರೆ ಇಡೀ ಊರಿಗೇ ದೀಪ ಹಾಕಿಬಿಡುವ ಆಸಾಮಿ. ಬ್ರೇಕ್ ದೀಪದ ವೈರನ್ನು ಮಾತ್ರ ಮುಟ್ಟುತ್ತಿರಲಿಲ್ಲ. “ಬ್ರೇಕ್ ಒತ್ತಿದಾಗ ಕಲರ್ ಲೈಟೂ ಹತ್ತಲಿ, ಆ ವೈರಿಂದಾನೇ ಎಳೀರಿ ಮಾವ” ಎಂದರೆ, “ಆ ಕರೆಂಟು ನಿಂದಲ್ಲಪ್ಪ, ಹಿಂದೆ ಬರೋನದು” ಎಂದು ಗದರುತ್ತಿದ್ದರು. ಕೆಲಸ ಮುಗಿದ ಮೇಲೆ ಟ್ರೇಲರಿನ ಹಿಂದೆ ನಿಂತು, “ಬ್ರೇಕ್ ಒತ್ತು! ಬಿಡಬೇಡ!” ಎಂದು ಕೂಗುತ್ತಿದ್ದರು. “ಕಾಲು ಜೋಮು ಹಿಡೀತು ಮಾವ!” ಎಂದು ಸೀಟಿನಿಂದ ನಾವು ಗೋಳಾಡಿದರೂ ಬಿಡಲು ಹೇಳುತ್ತಿರಲಿಲ್ಲ. ವರ್ಷ ಕಳೆದಂತೆ ಈ ಪರೀಕ್ಷೆ ಉದ್ದವಾಗುತ್ತಲೇ ಹೋಯಿತು. ಮಾವನಿಗೆ ವಯಸ್ಸಿನ ಜೊತೆ ಹಟವೂ ಏರುತ್ತಿದೆ ಎಂದು ನಾವು ನಗುತ್ತಿದ್ದೆವು. ಒಮ್ಮೆ ನನ್ನ ತಮ್ಮನನ್ನು ಸೀಟಿನಲ್ಲಿ ಕೂರಿಸಿ ನಾನೇ ಹಿಂದೆ ಹೋದೆ. ಕೆಂಪು ದೀಪ ಚೆನ್ನಾಗಿಯೇ ಉರಿಯುತ್ತಿತ್ತು. ಮಾವನ ಪೊರೆ ಬಂದ ಕಣ್ಣುಗಳು ಬೇರೆಲ್ಲೋ ನೋಡುತ್ತಿದ್ದವು. ದೀಪದ ಗಾಜಿನ ಮೇಲೆ ಅಂಗೈ ಇಟ್ಟು, ಅದು ಬೆಚ್ಚಗಾಗುವುದನ್ನೇ ಅವರು ಕಾಯುತ್ತಿದ್ದರು. ನಾನು ಸದ್ದು ಮಾಡದೆ ಮರಳಿದೆ. ಆಮೇಲೆ, ಅವರು “ಬಿಡು” ಎನ್ನುವವರೆಗೂ, ನನ್ನ ಕಾಲು ಎಂದೂ ಜೋಮು ಹಿಡಿಯಲಿಲ್ಲ.