ಮಡಿಸಿದ ಬಲತೋಳು

ಅವರ ಅಂಗಿಯ ಎಡತೋಳು ಮಣಿಕಟ್ಟಿನವರೆಗೂ ಇಳಿದು, ಗುಂಡಿ ಹಾಕಿಕೊಂಡು ಶಿಸ್ತಾಗಿರುತ್ತಿತ್ತು. ಬಲತೋಳು ಮಾತ್ರ ಭುಜದ ತನಕ ಮಡಿಸಿರುತ್ತಿತ್ತು. ಮದುವೆಮನೆಯಲ್ಲೂ ಹಾಗೆ, ಹುಳಿಯಾರಿನ ಸಂತೆಯಲ್ಲೂ ಹಾಗೆ. ಹಂದನಕೆರೆ ಕಡೆಯ ಈ ಊರಿಗೆ ನಾನು ಸೊಸೆಯಾಗಿ ಬಂದ ಹೊಸದರಲ್ಲಿ ನಗು ತಡೆಯಲಾರದೆ ಕೇಳಿಯೇಬಿಟ್ಟಿದ್ದೆ.

"ಯಾವ ಮನೆ ಹಸ ಯಾವಾಗ ತಿಣುಕ್ತದೋ ಯಾರಿಗ್ ಗೊತ್ತವ್ವ? ಕೂಗಿದ ಮೇಲೆ ತೋಳು ಮಡಿಸ್ಕೊಂತಾ ನಿಂತ್ಕಂಡ್ರೆ ಆಯ್ತದಾ?" ಅಂದಿದ್ದರು.

ಪಶು ಆಸ್ಪತ್ರೆಯಲ್ಲಿ ಕಾಂಪೌಂಡರಾಗಿ ನಿವೃತ್ತರಾದವರು, ನಮ್ಮ ಪಕ್ಕದ ಮನೆಯವರು. ರಕ್ತಸಂಬಂಧವೇನೂ ಇರಲಿಲ್ಲ, ಆದರೂ ಕಾಂಪೌಂಡರ್ ಮಾವ ಎಂದೇ ಕರೆಯುತ್ತಿದ್ದೆ. ಅವರಿಗೆ ಮನುಷ್ಯರ ಹೆಸರು ನೆನಪಿರುತ್ತಿರಲಿಲ್ಲ, ದನಗಳದ್ದು ಮರೆಯುತ್ತಿರಲಿಲ್ಲ. ಕೊನೆಯವರೆಗೂ ನಾನು ಅವರ ಬಾಯಲ್ಲಿ "ಗೌರಿ ಮನೆಯವ್ಳು". ಗೌರಿ ನಮ್ಮ ಹಸು. ನನಗೆ ಜ್ವರ ಬಂದು ಮಲಗಿದ್ದಾಗ ನೋಡಲು ಬಂದವರು, ಮೊದಲು ಕೊಟ್ಟಿಗೆಗೆ ಹೋಗಿ ಅವಳ ಮೈ ಸವರಿ, ಆಮೇಲೆ ನನ್ನ ಹಣೆ ಮುಟ್ಟಿದ್ದರು. ನಾನು ಮುನಿಸಿಕೊಂಡರೆ, "ಬುಡು ಕಣವ್ವ, ನಿಂಗಾದ್ರೆ ನೋಯ್ತದೆ ಅನ್ನಕ್ಕೆ ಬಾಯೈತೆ" ಎಂದು ನಕ್ಕಿದ್ದರು.

ಊರಿನ ಹಿಂದಿನ ಗುಡ್ಡದಲ್ಲಿ ಕಲ್ಲು ಸಿಡಿಸಲು ಶುರುವಾದ ಮೇಲೆ ಆ ನಗು ಕಡಿಮೆಯಾಯಿತು. ಸದ್ದಿಗೆ ಬೆದರಿ ಕುರಿಗಳು ದಿನ ತುಂಬುವ ಮೊದಲೇ ಕಂದು ಹಾಕತೊಡಗಿದವು. ಗುಡ್ಡದ ಕರಡಿ ದಿಕ್ಕೆಟ್ಟು ತೆಂಗಿನ ತೋಟಗಳಿಗೆ ಇಳಿಯಿತು. ಮಾವ ಕುರಿ ಮೇಯಿಸುವವರನ್ನು ಕಟ್ಟಿಕೊಂಡು ಕಚೇರಿಯಿಂದ ಕಚೇರಿಗೆ ಅಲೆದರು. ಟಿಪ್ಪರಿನ ಮುಂದೆ ಒಬ್ಬರೇ ಟವೆಲ್ ಹಾಸಿಕೊಂಡು ಕುಳಿತರು. ಅಷ್ಟು ದಿನ ಹುಚ್ಚ ಎಂದು ಸುಮ್ಮನಿದ್ದ ಕಲ್ಲುಗಣಿಯವರು ಆಮೇಲೆ ಸುಮ್ಮನಿರಲಿಲ್ಲ.

ಒಂದು ದಿನ ಗುಡ್ಡದಲ್ಲಿ ಸಿಡಿಯದೆ ಬಿಟ್ಟುಹೋಗಿದ್ದ ಮದ್ದೊಂದರ ಮೇಲೆ ಕುರಿಯೊಂದು ಕಾಲಿಟ್ಟು, ಅದರ ಕಾಲು ಮೊಣಕಾಲಿನವರೆಗೆ ಹಾರಿಹೋಯಿತು. ಮಾವ ಅದಕ್ಕೆ ಪಟ್ಟಿ ಕಟ್ಟಿದರು. ಆಮೇಲೆ ಹುಡುಕಿದರೆ ಹತ್ತಿರದಲ್ಲೇ ಇನ್ನೊಂದು ಸಿಡಿಯದ ಮದ್ದಿನ ಕೊಳವೆ, ವೈರುಗಳು ಸಿಕ್ಕವು. ಎಲ್ಲವನ್ನೂ ಟವೆಲಿನಲ್ಲಿ ಸುತ್ತಿಕೊಂಡು ಪೊಲೀಸ್ ಠಾಣೆಗೆ ಹೊರಟರು. ಬಸ್ಸು ಬಂದರೂ ಹತ್ತಲಿಲ್ಲ. "ಬಸ್ಸಲ್ಲಿ ಹೆಣ್ಮಕ್ಳು, ಕೂಸುಗಳಿರ್ತವೆ. ಏನಾರ ಆದ್ರೆ?" ಎಂದು ಬಿಸಿಲಿನಲ್ಲಿ ಅಷ್ಟು ದೂರ ನಡೆದೇ ಹೋದರು. ಠಾಣೆಯ ಮೇಜಿನ ಮೇಲೆ ಟವೆಲ್ ಬಿಚ್ಚಿಟ್ಟು, "ನೋಡಿ ಸಾರ್, ಕುರಿ ಮೇಯೋ ಜಾಗದಾಗೆ ಇದನ್ನ ಬುಟ್ಟೋಗವ್ರೆ. ಸಾಕ್ಷಿ ತಂದಿವ್ನಿ" ಅಂದರಂತೆ.

ಸಂಜೆಯ ಹೊತ್ತಿಗೆ ಅದು ಸಾಕ್ಷಿಯಾಗಿ ಉಳಿದಿರಲಿಲ್ಲ. ಸ್ಫೋಟಕ ಇಟ್ಟುಕೊಂಡಿದ್ದ ಉಗ್ರನನ್ನು ಹಿಡಿದಿದ್ದೇವೆ ಎಂದು ಟೀವಿಯಲ್ಲಿ ಬಂತು. ಬಸ್ಸಿನವರಿಗೆ ತೊಂದರೆಯಾದೀತೆಂದು ನಡೆದು ಹೋದ ಉಗ್ರ!

ಮಾರನೆಯ ದಿನ ಜೀಪುಗಳು ಬಂದವು. ಎಲ್ಲಿಂದಲೋ ಬಂದ ಅಧಿಕಾರಿಯೊಬ್ಬರು ಮಾವನ ಮನೆಯ ಅಟ್ಟ ಹತ್ತಿ, ಕೊಬ್ಬರಿಗೆಂದು ಒಣಗಲು ಹಾಕಿದ್ದ ಕಾಯೊಂದನ್ನು ಎತ್ತಿ ಅಲ್ಲಾಡಿಸಿದರು. ಅದು ಒಳಗೆ ಗಡಗಡ ಅಂದಿತು. ಅವರ ಮುಖ ಬಿಳುಚಿಕೊಂಡಿತು. "ಕೊಬ್ಬರಿ ಸಾರ್, ಒಣಗಿದ್ರೆ ಹಂಗೇ ಅಂತದೆ" ಎಂದು ನಮ್ಮ ಕಡೆಯ ಕಾನ್‌ಸ್ಟೇಬಲ್ ಹೇಳಿದರೂ ಕೇಳಲಿಲ್ಲ. ಎಲ್ಲವನ್ನೂ ಅಂಗಳಕ್ಕೆ ಎಸೆಸಿ ಒಡೆಸಿದರು. ಇನ್ನೂ ಹಸಿಯಿದ್ದ ಕಾಯಿಗಳ ನೀರು ಬಾಗಿಲ ರಂಗೋಲಿಯ ಮೇಲೆ ಹರಿಯಿತು. ಅತ್ತೆ, ಅಂದರೆ ಮಾವನ ಹೆಂಡತಿ, ಕಂಬ ಹಿಡಿದುಕೊಂಡು ನಿಂತಿದ್ದರು.

ಮಾವನ ಕೈ ಸೋಕದ ಕೊಟ್ಟಿಗೆ ನಮ್ಮೂರಲ್ಲಿ ಒಂದೂ ಇರಲಿಲ್ಲ. ಆದರೂ ಒಬ್ಬರೂ ಆ ಅಂಗಳಕ್ಕೆ ಕಾಲಿಡಲಿಲ್ಲ. "ನಮ್ಗೂ ಕೇಸು ಜಡೀತಾರೆ ಕಣೇ, ನೀನೂ ಹೋಗ್ಬೇಡ" ಎಂದು ನನಗೇ ಬುದ್ಧಿ ಹೇಳಿದವರಿದ್ದರು. ಅವರ ಭಯ ನನಗೆ ಅರ್ಥವಾಗುತ್ತದೆ. ಕ್ಷಮಿಸಲು ಮಾತ್ರ ಇನ್ನೂ ಆಗಿಲ್ಲ.

ಉಗ್ರರಿಗೆಂದು ಇರುವ ಕಾಯ್ದೆಯಲ್ಲಿ ಜಾಮೀನು ಸಿಗುವುದಿಲ್ಲವಂತೆ. ಕೇಳಿದಾಗಲೆಲ್ಲ ಕೋರ್ಟಿನಲ್ಲಿ ಇಲ್ಲ ಎಂದರು. ಅತ್ತೆಯ ಜೊತೆ ತಿಪಟೂರಿನಲ್ಲಿ ರೈಲು ಹತ್ತಿ ಜೈಲಿಗೆ ಹೋದೆ. ಜಾಲರಿಯ ಆಚೆ ಮಾವ ಅರ್ಧದಷ್ಟಾಗಿದ್ದರು. ಬಲತೋಳು ಮಾತ್ರ ಭುಜದ ತನಕ ಮಡಿಸಿತ್ತು. ಅದನ್ನು ಕಂಡು ನನಗೆ ಸ್ವಲ್ಪ ಜೀವ ಬಂತು.

"ಗೌರಿಗೆ ದಿನ ತುಂಬ್ತಾ ಬಂತಲ್ವ?" ಎಂದು ಕೇಳಿದರು. ತಮ್ಮ ಕೇಸಿನ ಮಾತೇ ಇಲ್ಲ. ಹಿಂದಿನ ಸಲ ಅವಳಿಗೆ ಕರು ಸಿಕ್ಕಿಕೊಂಡು, ಮಾವನೇ ಕೈಹಾಕಿ ತೆಗೆದಿದ್ದರು. "ಈ ಸಲವೂ ಕಾಲು ಮಡಚ್ಕಂಡಿದ್ರೆ ಹೆದರ್ಬೇಡ. ಕರುವನ್ನ ಮೊದ್ಲು ಒಳಕ್ಕೆ ತಳ್ಳು. ಗೊರಸನ್ನ ಹಿಂಗೆ ಅಂಗೈಲಿ ಮುಚ್ಕೋ, ಗರ್ಭ ಹರೀಬಾರ್ದು" ಎನ್ನುತ್ತಾ ಎಡಗೈ ಮುಷ್ಟಿಯನ್ನು ಬಲಗೈಯಲ್ಲಿ ಹಿಡಿದು ತೋರಿಸಿದರು.

"ಏಯ್, ಏನದು ಸನ್ನೆ? ಯಾರಿಗೆ ಸಿಗ್ನಲ್ ಕೊಡ್ತಿದೀಯ?" ಎಂದು ಕಾವಲಿನವನು ಗದರಿದ.

"ಕರು ಸಾರ್. ಸಿಕ್ಕಾಕ್ಕಂಡಿರೋ ಕರು" ಎಂದರು ಮಾವ. ಅವನು ನಂಬಲಿಲ್ಲ. ಕೈ ಹಿಂದೆ ಕಟ್ಟಿ ಮಾತಾಡಲು ಹೇಳಿದ. ಮಾವ ಹಾಗೇ ನಿಂತು ಉಳಿದದ್ದನ್ನು ಬಾಯಲ್ಲೇ ಹೇಳಿ ಮುಗಿಸಿದರು. ಅಷ್ಟರಲ್ಲಿ ನಮ್ಮ ಹೊತ್ತು ಮುಗಿಯಿತು, ಅತ್ತೆಗೆ ಒಂದು ಮಾತೂ ಸಿಗಲಿಲ್ಲ. ಹಿಂತಿರುಗುವಾಗ ರೈಲಿನಲ್ಲಿ ನಾನು ಅದಕ್ಕಾಗಿ ಅತ್ತರೆ, "ಬುಡೇ, ಅವರ ದನಿ ಕೇಳ್ದೆನಲ್ಲ" ಎಂದರು.

ಕೆಲವು ದಿನಗಳಲ್ಲೇ, ಬೆಳಿಗ್ಗೆ ಕಸ ಗುಡಿಸುವ ಹೊತ್ತಿಗೆ ಗೌರಿ ನೋವು ತಿನ್ನತೊಡಗಿದಳು. ಒಂದೇ ಕಾಲು ಕಾಣಿಸಿತು. ಪಶು ಆಸ್ಪತ್ರೆಯಲ್ಲಿ ಯಾರೂ ಫೋನು ಎತ್ತಲಿಲ್ಲ. ರವಿಕೆಯ ತೋಳು ಮೇಲಕ್ಕೆ ಸರಿಸಿ, ಕೊಬ್ಬರಿ ಎಣ್ಣೆ ಬಳಿದುಕೊಂಡು ಕೈಹಾಕಿದೆ. ತಳ್ಳಿದೆ, ಹುಡುಕಿದೆ, ಗೊರಸನ್ನು ಅಂಗೈಯಲ್ಲಿ ಮುಚ್ಚಿಕೊಂಡೆ. ಕರು ನೆಲಕ್ಕೆ ಬಿದ್ದು ಸೀನಿದಾಗ ನಾನು ಸಗಣಿಯ ಮೇಲೇ ಕುಳಿತು ಗೊಳೋ ಎಂದು ಅತ್ತೆ. ಮುಂದಿನ ಭೇಟಿಗೆ ಹೋದಾಗ ಮಾವನಿಗೆ ಹೇಗೆ ಹೇಳಬೇಕು, ಏನು ಹೇಳಬೇಕು ಎಂದು ಮನಸ್ಸಿನಲ್ಲೇ ಲೆಕ್ಕ ಹಾಕಿಕೊಂಡೆ.

ಭೇಟಿಯ ದಿನಕ್ಕೆ ಮುಂಚೆಯೇ ಅವರು ಮನೆಗೆ ಬಂದರು, ಆಂಬುಲೆನ್ಸಿನಲ್ಲಿ. ಜೈಲಿನಲ್ಲಿ ಉಸಿರು ಕಟ್ಟಿತಂತೆ, ಆಸ್ಪತ್ರೆಗೆ ಸೇರಿಸುವಷ್ಟರಲ್ಲಿ ಹೋಗಿಬಿಟ್ಟರಂತೆ. ಆರೋಪಿ ಸತ್ತರೆ ಅವನ ಮೇಲಿನ ಕೇಸು ಮುಗಿಯುತ್ತದೆ ಎಂದು ಜೊತೆಗೆ ಬಂದ ಪೊಲೀಸಿನವನು ಸಮಾಧಾನ ಹೇಳಿದ. ಮಾವ ಉಗ್ರನಲ್ಲ ಎಂದು ಇನ್ನು ಯಾವ ಕೋರ್ಟೂ ಹೇಳುವುದಿಲ್ಲ ಎಂಬುದು ಆಗ ನನಗೆ ಹೊಳೆಯಿತು.

ಊರಿನವರು ಬೇಲಿಯ ಆಚೆ ನಿಂತಿದ್ದರು. ಚಾಪೆಯ ಮೇಲೆ ಮಾವ ಮಲಗಿದ್ದರು. ಯಾರೋ ಅವರ ಅಂಗಿಯ ಎರಡೂ ತೋಳು ಇಳಿಸಿ, ಮಣಿಕಟ್ಟಿನಲ್ಲಿ ಗುಂಡಿ ಹಾಕಿದ್ದರು. ಅಲ್ಲಿಯವರೆಗೆ ಅಳದಿದ್ದ ಅತ್ತೆ ಅದನ್ನು ನೋಡಿ, "ಅಯ್ಯೋ, ಯಾರ್ ಹಿಂಗ್ ಮಾಡಿದ್ದು?" ಎಂದು ಚೀರಿದರು. ಗುಂಡಿ ಬಿಚ್ಚಲು ಹೋದರು. ಆಗಲಿಲ್ಲ.

ನಾನು ಬಿಚ್ಚಿದೆ. ಒಂದೊಂದೇ ಮಡಿಕೆ ಹಾಕಿ ಬಲತೋಳನ್ನು ಭುಜದ ತನಕ ಏರಿಸಿದೆ. ಆಮೇಲೆ ಅವರ ಕಿವಿಯ ಹತ್ತಿರ ಬಗ್ಗಿ ಹೇಳಿದೆ: "ಮಾವ, ಎಡಗಾಲು ಮಡಚ್ಕಂಡಿತ್ತು. ನೀವು ಹೇಳ್ದಂಗೇ ತಳ್ಳಿ ಬಿಡಿಸ್ದೆ. ಹೆಣ್ಣುಗರು. ಇಬ್ರೂ ಚೆನ್ನಾಗವ್ರೆ."