ವರ್ಲಿನ್ ಅನ್ರೂ ಪರದೇಶಕ್ಕೆ ಜೋಳ ಮಾರಿದ್ದು

ನಮ್ಮ ಕ್ಯಾನ್ಸಸ್ ಬಯಲಿನ ಗಾಳಿ ಎಂಥದೆಂದರೆ, ಬೆಳಿಗ್ಗೆ ಒಣಹಾಕಿದ ಅಂಗಿಯನ್ನು ಸಂಜೆಗೆ ಪಕ್ಕದ ಜಿಲ್ಲೆಯವನು ತೊಟ್ಟುಕೊಂಡು ಬರುತ್ತಾನೆ. ಅಂಥ ಗಾಳಿಯೂ ಗೋಶನ್ ಊರಿನ ವರ್ಲಿನ್ ಅನ್ರೂ ಭಾಷಣಕ್ಕೆ ನಿಂತರೆ ಸುಸ್ತಾಗಿ ಕೂತುಬಿಡುತ್ತಿತ್ತು. ಕೈ ಕೆಸರಾದರೆ ಬಾಯಿ ಮೊಸರು ಎಂದವರು ಈತನನ್ನು ಕಂಡಿರಲಾರರು. ಹೊಲ ನೋಡಿಕೊಳ್ಳುತ್ತಿದ್ದವನು ಇವನ ತಮ್ಮ. ಕೆಸರು ಅವನಿಗೆ, ಮೊಸರು ಇವನಿಗೆ.

ವರ್ಲಿನ್ ನಮ್ಮ ಜೋಳ ಬೆಳೆಗಾರರ ಸಮಿತಿಯ ಅಧ್ಯಕ್ಷ. ನಮ್ಮ ಕೆಂಪು ಜೋಳ ದನ, ಹಂದಿ, ಕೋಳಿಗಳ ಪಾಲು. ಅದಕ್ಕೆ ಹೊರದೇಶದ ಗಿರಾಕಿ ಹುಡುಕುವುದು ಸಮಿತಿಯ ಕೆಲಸ. ಅದಕ್ಕೆಂದು ನಾವು ಕೊಡುವ ವಂತಿಗೆಯಲ್ಲಿ ವರ್ಲಿನ್ ನಾಲ್ಕು ಖಂಡ ಸುತ್ತಿದ. ಹೋದಲ್ಲೆಲ್ಲ ಒಂದು ಟೋಪಿ ಕೊಟ್ಟು ಒಂದು ಟೈ ತಂದ. ಜೋಳ ಏನಾಯಿತೆಂದು ಕೇಳಿದರೆ, "ಸಂಬಂಧ ಬೆಳೆಸಿ ಬಂದಿದೀನಿ ಕಣಯ್ಯಾ," ಎನ್ನುತ್ತಿದ್ದ. ಹಾಗೆ ಬೆಳೆಸಿದ ಸಂಬಂಧಗಳನ್ನು ಹೊಲದಲ್ಲಿ ನೆಟ್ಟಿದ್ದರೆ ಕೊಯ್ಲಿಗೆ ಯಂತ್ರ ಸಾಲುತ್ತಿರಲಿಲ್ಲ.

ಒಂದು ವರ್ಷ ಜೋಳ ಹುಚ್ಚು ಹಿಡಿದಂತೆ ಬೆಳೆಯಿತು. ತೆನೆಯ ಭಾರಕ್ಕೆ ಭೂಮಿ ನಮ್ಮ ಕಡೆಗೆ ವಾಲಿತೆಂದು ನಮ್ಮ ಪಾದ್ರಿ ಆಣೆಯಿಟ್ಟು ಹೇಳುತ್ತಿದ್ದರು. ಸಿಮೆಂಟಿನ ಕಣಜಗಳೆಲ್ಲ ಅರ್ಧ ಕೊಯ್ಲಿಗೇ ತುಂಬಿದವು. ಉಳಿದದ್ದನ್ನು ವಾಡಿಕೆಯಂತೆ ರೈಲು ಹಳಿಯ ಪಕ್ಕ ಬಯಲಿಗೆ ಸುರಿದು ಟಾರ್ಪಾಲು ಹೊದಿಸಿದೆವು. ಹಾಗೆ ಸುರಿದ ಗುಡ್ಡ ನಮಗೆ ನಾಚಿಕೆಯಲ್ಲ, ಊರಿನ ಮೀಸೆ. ಯಾರ ಊರಿನ ಗುಡ್ಡ ದೊಡ್ಡದು ಎಂಬ ಮಾತಿಗೆ ಕಾಫಿ ಅಂಗಡಿಯಲ್ಲಿ ಸ್ನೇಹಗಳು ಮುರಿದಿವೆ. ಆ ವರ್ಷದ ಗುಡ್ಡದ ತುದಿಗೆ ಹೊರಟ ಕಾಗೆ ನಡುವೆ ಒಂದು ಸಂಸಾರ ಹೂಡಿ, ಮರಿ ಮಾಡಿಕೊಂಡು ಮುಂದೆ ಹೋಗಬೇಕಿತ್ತು. ಆದರೆ ಹಿಮ ಬೀಳುವ ಮುನ್ನ ಅದು ಮಾರಾಟವಾಗದಿದ್ದರೆ ಊರಿನ ದುಡಿಮೆಯೆಲ್ಲ ಕೊಳೆತು ಹೋಗುವುದಿತ್ತು.

ಆಗ ವರ್ಲಿನ್ ಎದೆ ಉಬ್ಬಿಸಿಕೊಂಡು ಬಂದ. ಜಪಾನಿನ ಹಂದಿ ಮೇವಿನ ಕಂಪನಿಯಿಂದ ಇಸೊಗಾಯಿ ಎಂಬುವರು ಜೋಳ ನೋಡಲು ಬರುತ್ತಾರಂತೆ. ಹಿಡಿಸಿದರೆ ಗುಡ್ಡಕ್ಕೆ ಗುಡ್ಡವೇ ಹಡಗು ಹತ್ತುತ್ತದೆ.

"ಹೊದಿಕೆ ತೆಗೀರಿ," ಎಂದು ಅಪ್ಪಣೆ ಮಾಡಿದ. "ಗುಡ್ಡದ ಪೂರ್ತಿ ಎತ್ತರ ಕಾಣ್ಬೇಕು ಅವರಿಗೆ."

ನಾವು ಜಾಣರು. ಊರೆಲ್ಲ ಸೇರಿ ಟಾರ್ಪಾಲು ಕಿತ್ತು ತೆಗೆದೆವು.

ಇಸೊಗಾಯಿ ಬಂದರು. ತೆಳ್ಳಗಿನ ಮನುಷ್ಯ, ಹಿಂದೆ ನಮ್ಮ ದೇಶದಲ್ಲೇ ಓದಿದವರಾದ್ದರಿಂದ ನಮ್ಮ ಮಾತು ನಮಗಿಂತ ಚೆನ್ನಾಗಿ ಆಡುತ್ತಿದ್ದರು. ವರ್ಲಿನ್ ದನದ ದೊಡ್ಡಿಯಿಂದ ಬಂದ ಬೂಟಿನಲ್ಲೇ ಗುಡ್ಡ ಹತ್ತಿ, ಎರಡೂ ಕೈ ಚಾಚಿ ನಿಂತ.

"ನೋಡಿ ಸಾರ್, ಇಷ್ಟೂ ನಿಮಗೇ."

ಇಸೊಗಾಯಿ ಬುಡದಿಂದ ತುದಿಯವರೆಗೆ ನೋಡಿದರು. "ಇದಕ್ಕೆ ಸೂರು ಎಲ್ಲಿದೆ, ವರ್ಲಿನ್ ಅವರೇ?"

"ಸೂರಾ? ಇಷ್ಟೆತ್ತರಕ್ಕೆ ಸೂರು ಹಾಕೋಕೆ ದೇವರಿಗೂ ಏಣಿ ಸಾಲಲ್ಲ."

"ಮೇಲೆ ಕೂತು ಜೋಳ ಮುಕ್ತಿರೋ ಆ ಬಾತುಗಳು?"

"ಅವೂ ಗಿರಾಕಿಗಳೇ ಸಾರ್. ಕೆನಡಾದಿಂದ ಬರ್ತವೆ. ಪಾಪ, ಚೌಕಾಸಿ ಮಾಡಲ್ಲ."

ಅಷ್ಟರಲ್ಲಿ ಒಂದು ನಾಯಿ ಬಂದು ಗುಡ್ಡದ ಬುಡಕ್ಕೆ ಕಾಲೆತ್ತಿತು. ಇಸೊಗಾಯಿ ಅದನ್ನು ನೋಡಿದರು. ನಾವೂ ನೋಡಿದೆವು.

"ಅದು ಕ್ಷೌರದ ಅಂಗಡಿ ನಾಯಿ," ಎಂದ ವರ್ಲಿನ್. "ಬಲು ಸಾಧು. ಕಚ್ಚಲ್ಲ."

ಇಸೊಗಾಯಿ ಒಂದು ಹಿಡಿ ಜೋಳ ತೆಗೆದು ಮೂಸಿ, ಬಿಟ್ಟು, ಕರವಸ್ತ್ರದಲ್ಲಿ ಕೈ ಒರೆಸಿಕೊಂಡರು. "ನಮ್ಮಲ್ಲಿ ಹಂದಿಗಳು ಸೂರಿನ ಕೆಳಗೆ ಮಲಗ್ತವೆ. ಅವುಗಳ ಊಟ ಬಯಲಲ್ಲಿ ಮಲಗೋದು ಚೆನ್ನಾಗಿರಲ್ಲ."

"ಸರಿ ಸರಿ. ಹಾಗಾದ್ರೆ ಎಷ್ಟು ರೈಲು ಕಳ್ಸೋಣ?"

"ಒಂದೂ ಬೇಡ."

ವರ್ಲಿನ್‌ನ ಹೆಂಡತಿ ಅರ್ಲೀಟಾ ಚರ್ಚಿನ ಅಡುಗೆಮನೆಯಲ್ಲಿ ಮಾಂಸ ಬೆರೆಸಿದ ಖಾರದ ಬೀನ್ಸ್ ಕಾಳಿನ ಸಾರು, ದಾಲ್ಚಿನ್ನಿಯ ಸಿಹಿ ಬನ್ನು ಮಾಡಿದ್ದಳು. ಇಸೊಗಾಯಿ ಎರಡು ಬನ್ನು ತಿಂದು, ಅರ್ಲೀಟಾಗೆ ಬಾಗಿ ನಮಸ್ಕರಿಸಿ ಹೊರಟುಹೋದರು.

"ಎರಡನೇ ಬನ್ನು ತಗೊಂಡ್ರು, ನೋಡಿದ್ರಾ?" ಎಂದ ವರ್ಲಿನ್. "ಇನ್ನೇನು, ಮುಗೀತು ವ್ಯವಹಾರ."

ಮುಗಿದದ್ದು ನಿಜ. ಅವರು ಸೂರಿರುವ ಕಡೆ ಕೊಂಡರು. ಹಿಮ ಬಿತ್ತು, ಕರಗಿತು. ಗುಡ್ಡದ ಬುಡ ಮೊಳೆತು ಹಸಿರು ಸೀರೆ ಉಟ್ಟಿತು, ಒಳಗೆಲ್ಲ ಮುಗ್ಗಲು. ಕೊನೆಗೆ ಪಕ್ಕದ ಊರಿನ ದನ ಕೊಬ್ಬಿಸುವವನು ಬಂದು, ಮೊದಲು ಹೊಟ್ಟೆ ಹಿಡಿದುಕೊಂಡು ನಕ್ಕು, ಆಮೇಲೆ ಬೆಲೆ ಹೇಳಿದ. ಆ ಬೆಲೆಗಿಂತ ಅವನ ನಗುವೇ ದೊಡ್ಡದಿತ್ತು. ಬೇರೆ ದಾರಿಯಿಲ್ಲದೆ ಕೊಟ್ಟೆವು.

ವಾರ್ಷಿಕ ಸಭೆಯಲ್ಲಿ ಒಬ್ಬ ಎದ್ದು, "ಮುಂದಿನ ವರ್ಷ ಒಂದು ಶೆಡ್ಡು ಕಟ್ಟಿಸೋಣ್ವಾ?" ಎಂದ.

"ಶೆಡ್ಡು ಕಟ್ಟಿದ್ರೆ ಗುಡ್ಡ ಕಾಣುತ್ತೇನಯ್ಯಾ?" ಎಂದ ವರ್ಲಿನ್.

ಸಭೆಗೆ ಸಭೆಯೇ ಅಹುದಹುದು ಎಂದು ತಲೆದೂಗಿತು. ಕೇಳಿದವನು ಪೆಚ್ಚಾಗಿ ಕೂತ.

"ಈಗ ಆಗಬೇಕಾದ್ದು ಸಂಬಂಧದ ರಿಪೇರಿ," ಎಂದು ವರ್ಲಿನ್ ಮೈಕು ಸರಿಮಾಡಿಕೊಂಡ. "ಅಧ್ಯಕ್ಷನಾದೋನು ಎರಡು ವಾರ ಜಪಾನಿಗೆ ಹೋಗಿ..."

ಅವನ ಮಾತು ಮುಗಿಯುವ ಮೊದಲೇ ಹಿಂದಿನ ಸಾಲಿನಲ್ಲಿ ಅರ್ಲೀಟಾಳ ಕೈ ಮೇಲೆದ್ದಿತ್ತು.

"ಎರಡು ವಾರ ಯಾತಕ್ಕೆ ಸಾಕಾಗತ್ತೆ," ಎಂದಳು. "ಒಂದು ತಿಂಗಳು ಇದ್ದು ಬರ್ಲಿ."

ನಿರ್ಣಯ ಅವಿರೋಧವಾಗಿ ಪಾಸಾಯಿತು. ಚಪ್ಪಾಳೆ ಶುರು ಮಾಡಿದವನು ವರ್ಲಿನ್‌ನ ತಮ್ಮ.