ಸಂಶಯದಲ್ಲಿ ಸಮದರ್ಶಿ: ಶ್ರೀ ಸಿದ್ರಾಮಪ್ಪನವರು

ಪುಣೆಯ ವಾಹನ ದುರಸ್ತಿ ಕ್ಷೇತ್ರದಲ್ಲಿ ಮೂವತ್ತೆರಡು ವರ್ಷ ದುಡಿದು, ವಿಮಾನ ನಗರದ ನಮ್ಮ ಕಾರ್ಯಾಗಾರದ ಹಿರಿಯ ತಪಾಸಕರ ಹುದ್ದೆಯಿಂದ ಈ ತಿಂಗಳು ನಿವೃತ್ತರಾಗುತ್ತಿರುವ ಶ್ರೀ ಸಿದ್ರಾಮಪ್ಪನವರನ್ನು ಬಲ್ಲವರೆಲ್ಲ ಅವರ ಕಿವಿಯನ್ನು ಹೊಗಳುತ್ತಾರೆ. ಎಂಜಿನ್ನಿನ ಸದ್ದು ಕೇಳಿಯೇ ದೋಷ ಹೇಳಬಲ್ಲರು ಎನ್ನುತ್ತಾರೆ. ಹದಿನಾಲ್ಕು ವರ್ಷ ಅವರ ಕೈಕೆಳಗೆ ಕೆಲಸ ಕಲಿತ ನಾನು ಬಲ್ಲಂತೆ, ಅವರು ತಮ್ಮ ಕಿವಿಯನ್ನು ಒಂದು ದಿನವೂ ನಂಬಿದವರಲ್ಲ. ಕಂಪ್ಯೂಟರಿನ ವರದಿಯನ್ನಾಗಲಿ, ಗಿರಾಕಿಯ ಮಾತನ್ನಾಗಲಿ, ಹೊಸ ಬಿಡಿಭಾಗದ ಮೇಲಿನ ಮೊಹರನ್ನಾಗಲಿ ಅವರು ಪರೀಕ್ಷಿಸದೆ ಒಪ್ಪಿದ್ದನ್ನು ನಾನು ಕಂಡಿಲ್ಲ.

ಯಾದಗಿರಿ ಸೀಮೆಯಿಂದ ಕಟ್ಟಡ ಕೆಲಸಕ್ಕೆ ಬಂದ ತಂದೆತಾಯಿಗಳೊಡನೆ ಈ ಊರು ಸೇರಿದ ಅವರು ಸಣ್ಣ ಗ್ಯಾರೇಜುಗಳಲ್ಲಿ ಕೆಲಸ ಕಲಿತು, ಕೆಲಕಾಲ ಚಾಕಣದ ಕಾರ್ಖಾನೆಯೊಂದರಲ್ಲಿದ್ದು, ಬಳಿಕ ಇಲ್ಲಿಗೆ ಬಂದರು. ಕಾರ್ಯಾಗಾರದ ಏಕೈಕ ಹೆಣ್ಣುಮಗಳಾದ ನನಗೆ ಉಳಿದವರು ಬರವಣಿಗೆಯ ಮೇಜು ತೋರಿಸಿದಾಗ, ನನ್ನ ಕೈಗೆ ನಟ್ಟು ಬಿಗಿಯುವ ಪಾನಾ ಕೊಟ್ಟವರು ಅವರೇ. ಆದರೆ ನಾನು ಬಿಗಿದ ಒಂದೊಂದು ನಟ್ಟನ್ನೂ ಮತ್ತೆ ತಾವೇ ತಿರುಗಿಸಿ ನೋಡುತ್ತಿದ್ದರು.

“ನನ್ನ ಮ್ಯಾಲೆ ಸಂಶಯ ಏನ್ರಿ ಸರ್?” ಎಂದು ಒಮ್ಮೆ ಕೇಳಿಯೇಬಿಟ್ಟೆ.

“ನಿನ್ನ ಮ್ಯಾಲಲ್ಲವಾ ಸಪ್ನಾ, ನಟ್ಟಿನ ಮ್ಯಾಲೆ,” ಎಂದರು.

ಎರಡು ವರ್ಷದ ಹಿಂದಿನ ಬೇಸಗೆಯಲ್ಲಿ, ಕರಾವಳಿಯಿಂದ ಬಂದು ಇಲ್ಲಿ ಹೋಟೆಲು ನಡೆಸುತ್ತಿರುವ ಕುಶಲ ಶೆಟ್ಟರು ತಮ್ಮ ಡೀಸೆಲ್ ಕಾರನ್ನು ತಂದರು. ಮುಂಬಯಿಯಿಂದ ಮರಳುವಾಗ ಲೋಣಾವಳಾದ ಏರಿನಲ್ಲಿ ಎಂಜಿನ್ನು ಇದ್ದಕ್ಕಿದ್ದಂತೆ ಶಕ್ತಿ ಕಳೆದುಕೊಂಡಿತ್ತು. ಹಿಂದಿದ್ದ ಲಾರಿ ಹೇಗೋ ಪಕ್ಕಕ್ಕೆ ಸರಿದದ್ದರಿಂದ ಕಾರಿನಲ್ಲಿದ್ದ ಶೆಟ್ಟರ ವೃದ್ಧ ತಾಯಿ ಬದುಕಿ ಉಳಿದಿದ್ದರು. ಒಂಬತ್ತು ವರ್ಷದಿಂದ ಅವರ ಕಾರು ಓಡಿಸುತ್ತಿದ್ದ ದತ್ತು ತಲೆ ತಗ್ಗಿಸಿ ನಿಂತಿದ್ದ.

“ಇವ ಡೀಸೆಲ್ ಮಾರಿ ಸೀಮೆಎಣ್ಣೆ ಬೆರೆಸ್ತಾನೆ ಮಾರಾಯ್ರೆ. ನೀವು ಅಷ್ಟು ಬರೆದುಕೊಡಿ, ಪೊಲೀಸರಿಗೆ ನಾನು ಹೇಳ್ತೇನೆ,” ಎಂದರು ಶೆಟ್ಟರು.

“ಮೊದಲ ನೋಡತೀನ್ರಿ. ಆಮ್ಯಾಲೆ ಬರೀತೀನಿ,” ಎಂದರು ಸಿದ್ರಾಮಪ್ಪನವರು.

ಎಲ್ಲಿ ಡೀಸೆಲ್ ಹಾಕಿಸಿದೆ, ರಸೀದಿ ಎಲ್ಲಿ ಎಂದು ದತ್ತುವನ್ನು ಬಿಡದೆ ಕೇಳಿದರು. ಇನ್ನೊಂದು ಚಾವಿ ಯಾರ ಬಳಿ ಇದೆ ಎಂದು ಶೆಟ್ಟರನ್ನೂ ಕೇಳಿದರು. ದತ್ತುವಿನ ಮುಖ ಸಣ್ಣದಾಯಿತು, ಶೆಟ್ಟರ ಮುಖ ಕೆಂಪಾಯಿತು. ಆಮೇಲೆ ಟ್ಯಾಂಕಿನ ಡೀಸೆಲನ್ನು ಬಾಟಲಿಗೆ ಇಳಿಸಿ ಪರೀಕ್ಷೆಗೆ ಕಳಿಸಿದರು. ಅದು ಶುದ್ಧವಾಗಿತ್ತು. ಎಂಜಿನ್ನಿಗೆ ಗಾಳಿಯ ಒತ್ತಡ ಸಾಲುತ್ತಿಲ್ಲ ಎಂದಷ್ಟೇ ಕಂಪ್ಯೂಟರು ಹೇಳಿತು. ಗಾಳಿಯ ಫಿಲ್ಟರು ಚೊಕ್ಕಟವಾಗಿತ್ತು. ಅಂಗಳದಲ್ಲಿ ಎಷ್ಟು ಓಡಿಸಿದರೂ ಕಾರಿನಲ್ಲಿ ದೋಷವೇ ಕಾಣಲಿಲ್ಲ.

ಮರುದಿನ ಅವರು ನನ್ನ ಮೊಬೈಲನ್ನು ಬಾನೆಟ್ಟಿನ ಒಳಗೆ ಕಟ್ಟಿ, ದೀಪ ಹಚ್ಚಿ, ವಿಡಿಯೋ ಚಾಲೂ ಇಟ್ಟು, ದತ್ತುವಿನಿಂದಲೇ ಅದೇ ಏರಿನಲ್ಲಿ ಕಾರು ಓಡಿಸಿದರು. ಮೂರನೆಯ ತಿರುವಿನಲ್ಲಿ ಕಾರು ಸೋತಿತು. ಪಕ್ಕಕ್ಕೆ ನಿಲ್ಲಿಸಿ ಬಾನೆಟ್ ತೆರೆದರೆ ಎಲ್ಲವೂ ಸರಿಯಾಗಿತ್ತು. ವಿಡಿಯೋದಲ್ಲಿ ಮಾತ್ರ ಸತ್ಯ ಕಂಡಿತು. ಎಂಜಿನ್ನಿಗೆ ಗಾಳಿ ಒಯ್ಯುವ ರಬ್ಬರಿನ ಕೊಳವೆ ಕಾವಿಗೆ ಮೆತ್ತಗಾಗಿ, ಏರಿನಲ್ಲಿ ಎಂಜಿನ್ನು ಜೋರಾಗಿ ಗಾಳಿ ಎಳೆದೊಡನೆ ಚಪ್ಪಟೆಯಾಗುತ್ತಿತ್ತು. ನಿಲ್ಲಿಸಿದರೆ ಮತ್ತೆ ಉಬ್ಬಿ ಮೊದಲಿನಂತಾಗುತ್ತಿತ್ತು.

ಆ ಕೊಳವೆ ಕಂಪನಿಯದಾಗಿರಲಿಲ್ಲ. ಹಳೆಯ ಕಾಗದಗಳನ್ನು ಹುಡುಕಿದ ನನಗೆ ಹನ್ನೊಂದು ತಿಂಗಳ ಹಿಂದಿನ ಕೆಲಸದ ಚೀಟಿ ಸಿಕ್ಕಿತು. ಅಸಲಿ ಮಾಲು ಬರುವತನಕ ಎಂದು ಸಾಧಾರಣ ಕೊಳವೆ ಜೋಡಿಸಿ, ಅದನ್ನು ಬದಲಿಸಲು ಮರೆತವರು ನಮ್ಮವರೇ. ಕೆಳಗಿದ್ದದ್ದು ಸಿದ್ರಾಮಪ್ಪನವರ ಸಹಿ.

“ಇದನ್ನ ಯಾರೂ ನೋಡಿಲ್ರಿ ಸರ್,” ಎಂದೆ. ಹಾಗೆ ಹೇಳಿದ್ದಕ್ಕೆ ಇಂದಿಗೂ ನನಗೆ ನಾಚಿಕೆಯಿದೆ.

“ಆ ಪೈಪ್ ಕಂಡಾಗನ ನನಗ ಅನಿಸಿತ್ತು, ಇದು ನಮ್ಮ ತಪ್ಪ ಅಂತ,” ಎಂದರು ಅವರು. “ಎಲ್ಲಾರನೂ ಕೇಳಿದೆ, ನನ್ನ ಒಬ್ಬನ್ನ ಬಿಟ್ಟಿದ್ದೆ. ಶೆಟ್ಟರನ್ನ ಕರಿ. ದತ್ತೂನೂ ಬರಲಿ.”

ಇಬ್ಬರೆದುರೂ ಚೀಟಿ ಇಟ್ಟು, ತಪ್ಪು ತಮ್ಮದೆಂದರು. ಶೆಟ್ಟರು ಅದನ್ನು ಕೈಗೆತ್ತಿಕೊಂಡು ಓದಿದರು.

“ನೀವು ಹೇಳದಿದ್ರೆ ನನಗೆ ಗೊತ್ತೇ ಆಗ್ತಿರ್ಲಿಲ್ಲ ಅಲ್ವಾ?”

“ಆಗ್ತಿದ್ದಿಲ್ರಿ. ದತ್ತೂನ ಮ್ಯಾಲೆ ಹೋಗತಿತ್ತು.”

ಶೆಟ್ಟರು ಕಾರಿನ ಚಾವಿ ಕೊಟ್ಟು ದತ್ತುವನ್ನು ಕೆಲಸಕ್ಕೆ ಮರಳಿ ಕರೆದರು. ಅವನು ಚಾವಿಯನ್ನು ಮೇಜಿನ ಮೇಲಿಟ್ಟ. “ಬ್ಯಾಡ್ರಿ. ಇನ್ನ ಕಾರಿನ ಕನ್ನಡಿಯೊಳಗ ನೀವು ನನ್ನ ನೋಡತೀರಿ, ನಾ ನಿಮ್ಮನ್ನ ನೋಡತೀನಿ,” ಎಂದು ಮೆಲ್ಲಗೆ ಹೇಳಿ ಹೊರಟುಹೋದ. ಸಿದ್ರಾಮಪ್ಪನವರು ಅವನ ಹಿಂದೆಯೇ ಗೇಟಿನವರೆಗೆ ಹೋದರು. ಅಲ್ಲಿ ಏನು ಮಾತಾಡಿದರೋ ತಿಳಿಯದು. ಮರುವಾರ ಅವನು ಅವರ ಪರಿಚಯದ ಶಾಲಾ ವಾಹನವೊಂದಕ್ಕೆ ಚಾಲಕನಾದ.

ಈ ಅಭಿನಂದನ ಸಂಪುಟಕ್ಕೆ ಏನು ಬರೆಯಲಿ ಎಂದು ಕಳೆದ ವಾರ ಅವರನ್ನೇ ಕೇಳಿದೆ. “ಬರದ್ರ ಆ ಪೈಪಿನ ಸುದ್ದಿ ಬರಿ,” ಎಂದರು. “ಕಳ್ಳ ಅಂದಿದ್ದನ್ನ ಭಾಳ ಮಂದಿ ಕೇಳ್ಯಾರ. ಅಲ್ಲ ಅಂದಿದ್ದು ಯಾರಿಗೂ ಗೊತ್ತಿಲ್ಲ.”

ಚಾಕಣದ ತರಬೇತಿ ಕೇಂದ್ರದಲ್ಲಿ ಇನ್ನು ಪಾಠ ಹೇಳಲಿರುವ ಗುರುಗಳಿಗೆ ದೀರ್ಘಾಯುಷ್ಯವೂ ದೃಢವಾದ ಆರೋಗ್ಯವೂ ಇರಲಿ ಎಂದು ಬೇಡುತ್ತ, ಅವರ ಅಪ್ಪಣೆಯಂತೆ ಬರೆಯುತ್ತೇನೆ: ದತ್ತು ಡೀಸೆಲ್ ಕದ್ದಿರಲಿಲ್ಲ.